ಹಾಸ್ಟೆಲ್ ರೌಟರ್‌ನಲ್ಲಿ ಟೊರೆಂಟ್ ಬ್ಲಾಕ್: ಹಾಗೆ ಮಾಡಿದವಳ ಮಾತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಕಾರವಾರದ ಒಬ್ಬರು ಬರೆದ ಪತ್ರ ಓದಿದೆ. ಮಗ ಇರುವ ಹಾಸ್ಟೆಲ್‌ನಲ್ಲಿ ಕೆಲವು ಹುಡುಗರು ರಾತ್ರಿಯಿಡೀ ಟೊರೆಂಟ್ (ನೆಟ್‌ನಲ್ಲಿ ಜನ ಒಬ್ಬರಿಂದೊಬ್ಬರು ಫೈಲ್ ಹಂಚಿಕೊಳ್ಳುವ ವಿಧಾನ) ಹಾಕಿ ಸಿನಿಮಾ ಇಳಿಸುತ್ತಾರೆ, ಓದುವ ಮಕ್ಕಳಿಗೆ ನೆಟ್ ಸಿಗುವುದಿಲ್ಲ ಎಂಬುದು ಅವರ ದೂರು. ಜಿಲ್ಲೆಯ ಎಲ್ಲ ಹಾಸ್ಟೆಲ್, ಲೈಬ್ರರಿ, ಕೇಬಲ್ ನೆಟ್‌ನವರ ರೌಟರ್‌ಗಳಲ್ಲಿ ಟೊರೆಂಟನ್ನು ಪೂರ್ತಿ ಬ್ಲಾಕ್ ಮಾಡಬೇಕು ಎಂಬುದು ಅವರ ಒತ್ತಾಯ. ತಂದೆಯಾಗಿ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಹೇಳಿದ ಔಷಧಿಯನ್ನು ನಾನು ಮೂರು ಹಾಸ್ಟೆಲ್‌ಗೆ ಕೈಯಾರೆ ಕುಡಿಸಿದ್ದೇನೆ. ಆಮೇಲೆ ಏನಾಯಿತು ಎಂದು ಹೇಳಬೇಕಾದವಳು ನಾನೇ. ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ಶಿರಸಿ ಪೇಟೆಯಲ್ಲಿ 17 ವರ್ಷದಿಂದ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಮೊದಲೆಲ್ಲ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್ ಬದಲಾಯಿಸುವುದೇ ದೊಡ್ಡ ಕೆಲಸವಾಗಿತ್ತು. ಈಗ ಫೈಬರ್ ಬಂದಿದೆ. ಹೋಂಸ್ಟೇಗೆ ವೈಫೈ ಹಾಕುವುದು, ಹಾಸ್ಟೆಲ್‌ಗೆ ಕೇಬಲ್ ಎಳೆಯುವುದು, ಸೊಸೈಟಿಯ ಪ್ರಿಂಟರ್ ನೆಟ್‌ವರ್ಕಿಗೆ ಸೇರಿಸುವುದು, ಹೀಗೆ ದಿನ ಹೋಗುತ್ತದೆ. ಕುಮಟಾ, ಅಂಕೋಲಾ ಕಡೆಯಿಂದಲೂ ಕರೆ ಬರುತ್ತದೆ. ದೇವಿಮನೆ ಘಟ್ಟ ಇಳಿದು ಹೋಗಿ ಸಂಜೆಗೆ ವಾಪಸ್ ಹತ್ತುತ್ತೇನೆ.

ಆ ಹಾಸ್ಟೆಲ್ ಇರುವುದು ಶಿರಸಿಯ ಹೊರಗೆ, ಎರಡು ದಿಬ್ಬದ ನಡುವಿನ ತಗ್ಗಿನಲ್ಲಿ. ಖಾಸಗಿಯವರದ್ದು. ಹೆಸರು ಬೇಡ. 60 ಹುಡುಗರು, 100 ಎಂಬಿಪಿಎಸ್‌ನ ಒಂದೇ ಲೈನು. ಕಟ್ಟಡದ ಒಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಫೋನ್ ಮಾಡಬೇಕಾದರೂ ವೈಫೈಯೇ ಗತಿ. ಒಂದು ಜುಲೈ ರಾತ್ರಿ ಒಂಬತ್ತಕ್ಕೆ ವಾರ್ಡನ್ ಕರೆದರು. "ಮೇಡಂ, ಲೈನ್ ಇದೆ, ಲೈಟ್ ಹಸಿರಿದೆ, ಆದ್ರೆ ಯಾವ ಪೇಜೂ ತೆರೆಯೋದಿಲ್ಲ" ಅಂದರು. ಮಳೆ ಜಡಿಯುತ್ತಿತ್ತು. ಸ್ಕೂಟರ್ ಮೇಲೆ ಹೋದೆ.

ರೌಟರ್ ಒಳಗೆ ಒಂದು ಪುಟ ಇರುತ್ತದೆ. ಯಾವ ಕಂಪ್ಯೂಟರ್ ಹೊರಗಿನ ಯಾರ ಜೊತೆ ಮಾತಾಡುತ್ತಿದೆ ಎಂಬುದರ ಪಟ್ಟಿ ಅದು. ಒಂದು ಮಾತುಕತೆಗೆ ಒಂದು ಸಾಲು. ಅವರ ರೌಟರ್‌ನಲ್ಲಿ 4,096 ಸಾಲಿಗೆ ಜಾಗ ಇತ್ತು. ನಾನು ನೋಡಿದಾಗ ಅಷ್ಟೂ ತುಂಬಿತ್ತು. ಬೆರಳಿಟ್ಟು ಓದುತ್ತಾ ಇಳಿದೆ. ಎಡಗಡೆ ಮತ್ತೆ ಮತ್ತೆ ಅದೇ ವಿಳಾಸ, ಕೊನೆಯ ಅಂಕಿ 37. ಬಲಗಡೆ ಮಾತ್ರ ಪ್ರತಿ ಸಾಲಿಗೂ ಬೇರೆ ವಿಳಾಸ, ಬೇರೆ ದೇಶ. ಮೇಲಿನ ಮಹಡಿಯ ಒಂದೇ ಲ್ಯಾಪ್‌ಟಾಪ್ ಸಾವಿರದ ಮುನ್ನೂರು ಸಾಲು ಹಿಡಿದು ಕೂತಿತ್ತು. ಅಂಥವು ಇನ್ನೆರಡು ಇದ್ದವು. ಪಟ್ಟಿ ತುಂಬಿದ ಮೇಲೆ ಹೊಸದಾಗಿ ಬಂದವರಿಗೆ ರೌಟರ್ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಲೈಟ್ ಹಸಿರಿದ್ದರೂ ಪೇಜ್ ತೆರೆಯುತ್ತಿರಲಿಲ್ಲ.

ಟೊರೆಂಟ್ ಹೀಗೇಕೆ ಮಾಡುತ್ತದೆ ಅಂದರೆ, ಅದರ ಸ್ವಭಾವವೇ ಹಾಗೆ. ಮಾಮೂಲು ಡೌನ್‌ಲೋಡ್‌ನಲ್ಲಿ ಒಂದು ಸರ್ವರ್ ಕೊಡುತ್ತದೆ, ನಾವು ತಗೊಳ್ಳುತ್ತೇವೆ. ಪೀರ್ ಟು ಪೀರ್‌ನಲ್ಲಿ ಎಲ್ಲರೂ ಕೊಡುವವರು, ಎಲ್ಲರೂ ತಗೊಳ್ಳುವವರು. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಯಾರ ಹತ್ತಿರ ಯಾವ ತುಂಡು ಇದೆಯೋ ಅವರಿಂದ ಅದು ಬರುತ್ತದೆ. ನಮ್ಮ ಹತ್ತಿರ ಇರುವ ತುಂಡು ಅದೇ ಹೊತ್ತಿಗೆ ಬೇರೆಯವರಿಗೆ ಹೋಗುತ್ತಿರುತ್ತದೆ. ಆದ್ದರಿಂದ ನೂರಾರು ಜನರ ಜೊತೆ ಒಟ್ಟಿಗೆ ಮಾತು ನಡೆಯುತ್ತದೆ. ಸರಿಯಾಗಿ ಹೇಳಬೇಕೆಂದರೆ ಹೆಚ್ಚಿನ ತೊಂದರೆ ಆಗುವುದು ಇಳಿಸುವುದರಿಂದಲ್ಲ, ಏರಿಸುವುದರಿಂದ. ಹೊರಹೋಗುವ ದಾರಿ ಕಟ್ಟಿಕೊಂಡರೆ "ನನಗೆ ಮುಟ್ಟಿತು, ಮುಂದಿನದು ಕಳಿಸು" ಎಂಬ ಪುಟ್ಟ ರಸೀದಿ ಕೂಡ ಸಾಲಿನಲ್ಲಿ ಕಾಯಬೇಕು. ರಸೀದಿ ತಡವಾದರೆ ಉಳಿದವರ ಡೌನ್‌ಲೋಡೂ ನಿಲ್ಲುತ್ತದೆ.

ಮಾಲೀಕರು "ಬ್ಲಾಕ್ ಮಾಡಿ, ಖರ್ಚಿಗೆ ಚಿಂತೆ ಬೇಡ" ಅಂದರು. ಮಾಡಿದೆ. ಮೊದಲು ಪೋರ್ಟ್ ಮುಚ್ಚಿದೆ. ಪೋರ್ಟ್ ಅಂದರೆ ಒಂದೊಂದು ಥರದ ಮಾತುಕತೆಗೆ ಒಂದೊಂದು ನಂಬರಿನ ಬಾಗಿಲು. ಟೊರೆಂಟ್ ನಡೆಯುವ ಬಿಟ್‌ಟೊರೆಂಟ್ ಎಂಬ ಪದ್ಧತಿಗೆ ಮೊದಲಿಂದ ಬಂದ ಪೋರ್ಟ್‌ಗಳು 6881ರಿಂದ 6889. ಇದು ಹಳೆಯ ಕಾಲದ ಉಪಾಯ. 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಾಗ ಮಧ್ಯದಲ್ಲಿ ಒಂದು ಸರ್ವರ್ ಇತ್ತು. ಅದನ್ನು ಮುಚ್ಚಿದರೆ ಮುಗಿಯಿತು. 2001ರಲ್ಲಿ ಕೋರ್ಟು ಕಚೇರಿಯ ನಂತರ ಅದು ನಿಂತೂ ಹೋಯಿತು. ಆಮೇಲೆ ಬಂದ ನುಟೆಲ್ಲಾ 6346, ಕಜಾ 1214 ಹೀಗೆ ಒಂದೊಂದು ಪೋರ್ಟ್ ಇಟ್ಟುಕೊಂಡಿದ್ದವು. ಆಗ ಪೋರ್ಟ್ ಮುಚ್ಚುವುದಕ್ಕೆ ಅರ್ಥ ಇತ್ತು. 2001ರಲ್ಲೇ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ಹೊರತಂದರು. ಈಗಿನ ಟೊರೆಂಟ್ ಸಾಫ್ಟ್‌ವೇರ್ ತನಗೆ ಬೇಕಾದ ಪೋರ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ನಾನು ಸಂಜೆ ಮುಚ್ಚಿದ್ದೆ. ಮಾರನೆ ಬೆಳಿಗ್ಗೆ ಪಟ್ಟಿ ಮತ್ತೆ ತುಂಬಿತ್ತು.

ಎರಡನೇ ಸಲ ಸ್ವಲ್ಪ ದುಡ್ಡು ಹಾಕಿ, ಪ್ಯಾಕೆಟ್ (ನೆಟ್‌ನಲ್ಲಿ ಓಡಾಡುವ ಮಾಹಿತಿಯ ಸಣ್ಣ ಕಟ್ಟು) ಒಳಗೆ ಇಣುಕಿ ನೋಡುವ ಫೈರ್‌ವಾಲ್ ಎಂಬ ಕಾವಲು ಪೆಟ್ಟಿಗೆ ತರಿಸಿದೆವು. ಬಿಟ್‌ಟೊರೆಂಟ್‌ನ ಇಬ್ಬರು ಮಾತು ಶುರು ಮಾಡುವಾಗ ಮೊದಲು 19 ಎಂಬ ಅಂಕಿಯ ಒಂದು ಬೈಟ್ ಕಳಿಸುತ್ತಾರೆ. ಅದರ ಬೆನ್ನಿಗೇ ಇಂಗ್ಲಿಷಿನಲ್ಲಿ "ಬಿಟ್‌ಟೊರೆಂಟ್ ಪ್ರೋಟೊಕಾಲ್" ಎಂದು ಬರೆದ 19 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಫೈರ್‌ವಾಲ್ ಆ ಗುರುತು ಕಂಡ ತಕ್ಷಣ ಕತ್ತರಿಸುತ್ತದೆ. ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ಇಷ್ಟು ಸ್ಪಷ್ಟ ಗುರುತು ಇರುವಾಗ ಯಾರು ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡೆ. ಆದರೆ 2006ರ ಹೊತ್ತಿಗೇ ಟೊರೆಂಟ್ ಸಾಫ್ಟ್‌ವೇರ್‌ಗಳಿಗೆ ಗೂಢಲಿಪಿ ಬಂದಾಗಿತ್ತು. ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆ 19 ಅಕ್ಷರ ಕಾಣುವುದೇ ಇಲ್ಲ. ಹೊರಗಿನಿಂದ ನೋಡಿದರೆ ಅರ್ಥವಿಲ್ಲದ ಬೈಟುಗಳು. ಮೇಲಿನ ಮಹಡಿಯ ಹುಡುಗನಿಗೆ ಆ ಗುಂಡಿ ಗೊತ್ತಿತ್ತು. ಅವನ ರೂಮಿನ ಉಳಿದ ಮೂವರಿಗೆ ಸಂಜೆಯೊಳಗೆ ಗೊತ್ತಾಯಿತು.

ಮೂರನೇ ದಾರಿ ನಡವಳಿಕೆ ನೋಡಿ ಹಿಡಿಯುವುದು. ಒಳಗೆ ಏನು ಬರೆದಿದೆ ಎಂದು ಓದುವುದಿಲ್ಲ, ಹೇಗೆ ಓಡಾಡುತ್ತಾರೆ ಎಂದು ನೋಡುವುದು. 2004ರಲ್ಲೇ ಸಂಶೋಧಕರು ಇದನ್ನು ಬರೆದಿದ್ದಾರೆ. ಎರಡು ಲಕ್ಷಣ ಹೇಳುತ್ತಾರೆ. ಒಂದು, ಅದೇ ಇಬ್ಬರ ನಡುವೆ ಟಿಸಿಪಿ (ಮುಟ್ಟಿದ್ದಕ್ಕೆ ರಸೀದಿ ಕೇಳುವ ವಿಧಾನ), ಯುಡಿಪಿ (ರಸೀದಿಗೆ ಕಾಯದೆ ಕಳಿಸುವ ವಿಧಾನ) ಎರಡೂ ಓಡುತ್ತಿದ್ದರೆ ಪೀರ್ ಟು ಪೀರ್ ಇರಬಹುದು. ಇನ್ನೊಂದು, ಒಂದು ಬಾಗಿಲಿಗೆ ಬರುವ ವಿಳಾಸಗಳ ಸಂಖ್ಯೆ ಮತ್ತು ಅವರು ಹೊರಟ ಪೋರ್ಟುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇದ್ದರೆ ಅದೂ ಹಾಗೇ. ಬ್ರೌಸರ್ ಆದರೆ ಒಂದೇ ವಿಳಾಸದಿಂದ ಹತ್ತಾರು ಪೋರ್ಟ್ ತೆರೆಯುತ್ತದೆ, ಅಲ್ವಾ? ಟೊರೆಂಟ್‌ನಲ್ಲಿ ಒಬ್ಬೊಬ್ಬರು ಸಾಧಾರಣವಾಗಿ ಒಂದೊಂದೇ ಸಲ ಬಂದು ಬಾಗಿಲು ತಟ್ಟುತ್ತಾರೆ. ಬಹಳ ಚಂದದ ಯೋಚನೆ ಅದು. ಆದರೆ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕುವುದು), ಮೇಲ್, ಆಟಗಳು ಇದೇ ಥರ ಕಾಣುತ್ತವೆ ಎಂದು ಆ ಸಂಶೋಧಕರೇ ಎಚ್ಚರಿಸಿದ್ದರು. ಫೈರ್‌ವಾಲ್ ಪೆಟ್ಟಿಗೆಯ ಮೇಲೆ ಮಾತ್ರ ಆ ಎಚ್ಚರಿಕೆ ಇರುವುದಿಲ್ಲ. "ಬ್ಲಾಕ್ ಪಿ-ಟು-ಪಿ" (ಪೀರ್ ಟು ಪೀರ್ ತಡೆ) ಎಂದು ಒಂದು ಚೌಕ, ಅದರೊಳಗೆ ಟಿಕ್ ಹಾಕಲು ಜಾಗ. ನಾನು ಟಿಕ್ ಹಾಕಿದೆ. ಅದೂ ಸಾಲದು ಅಂತ ಒಂದೆರಡು ಮಾಮೂಲು ಪೋರ್ಟ್ ಬಿಟ್ಟು ಉಳಿದ ಯುಡಿಪಿ ಪೂರ್ತಿ ಮುಚ್ಚಿದೆ. ಆಗ ಟೊರೆಂಟ್ ನಿಜವಾಗಿಯೂ ನಿಂತಿತು. ಮಾಲೀಕರು ಫೋನ್ ಮಾಡಿ ಹೊಗಳಿದರು. ಅದೇ ಸೆಟ್ಟಿಂಗನ್ನು ಇನ್ನೆರಡು ಹಾಸ್ಟೆಲ್‌ಗೂ ಹಾಕಿ ಬಂದೆ.

ಸಂಪಾದಕರೇ, ಇಲ್ಲಿಂದ ಮುಂದಿನದನ್ನು ಕಾರವಾರದ ಆ ತಂದೆಯವರು ಗಮನವಿಟ್ಟು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಆ ಹಾಸ್ಟೆಲ್‌ನಲ್ಲಿ ಬೇಲೇಕೇರಿ ಕಡೆಯ ಒಬ್ಬ ಹುಡುಗ ಇದ್ದ. ಡಿಗ್ರಿ ಎರಡನೇ ವರ್ಷ. ಅವನ ಅಪ್ಪ ಮೀನಿನ ಬೋಟಿಗೆ ಹೋಗುವವರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಅಪ್ಪ ಮನೆಯಲ್ಲಿರುತ್ತಾರೆ. ಆಗಸ್ಟ್ ಬಂತೆಂದರೆ ಬೋಟ್ ಇಳಿಯುತ್ತದೆ. ಒಮ್ಮೆ ಹೋದರೆ ಎಷ್ಟೋ ದಿನ ಮಾತಿಲ್ಲ. ದಡಕ್ಕೆ ಬಂದು ಮೀನು ಇಳಿಸಿ, ಮತ್ತೆ ಹೊರಡುವ ಮೊದಲು ವಾಟ್ಸ್ಆ್ಯಪ್‌ನಲ್ಲಿ ಮಗನ ಮುಖ ನೋಡುತ್ತಾರೆ. ಅಷ್ಟೇ ಅವರ ಸಮಯ.

ನಾನು ಟಿಕ್ ಹಾಕಿದ್ದು ಜುಲೈ ಕೊನೆಯಲ್ಲಿ. ಸೆಪ್ಟೆಂಬರ್ ಒಂದು ಸಂಜೆ ಆ ಹುಡುಗ ಅಂಗಡಿಗೆ ಬಂದ. ಕೈಯಲ್ಲಿ ಫೋನ್ ಇತ್ತು. "ಅಕ್ಕ, ನನ್ನ ಫೋನ್ ಹಾಳಾಗಿದೆ, ನೋಡಿ ಕೊಡಿ. ರಿಂಗ್ ಆಗ್ತದೆ, ಎತ್ತಿದ ಕೂಡಲೇ ಅಪ್ಪನ ಮುಖ ನಿಂತು ಬಿಡ್ತದೆ, ಮಾತು ತುಂಡು ತುಂಡು" ಅಂದ. ಹಿಂದಿನ ಮೂರು ಸಲವೂ ಹಾಗೇ ಆಗಿತ್ತಂತೆ. ಮೂರನೇ ಸಲ ಅಪ್ಪ ಸಿಟ್ಟಾಗಿ, ಮಗನಿಗೆ ಮಾತಾಡಲು ಮನಸ್ಸಿಲ್ಲ ಎಂದು ತಿಳಿದು ಫೋನ್ ಇಟ್ಟರಂತೆ. ಫೋನನ್ನು ಅಂಗಡಿಯ ವೈಫೈಗೆ ಹಾಕಿ ಅವನ ಆಯಿಗೆ ಕರೆ ಮಾಡಿಸಿದೆ. ಸ್ವಚ್ಛವಾಗಿ ಬಂತು. ಆಯಿ ಒಲೆ ಮುಂದೆ ಕೂತದ್ದು, ಹಿಂದೆ ಕೋಳಿ ಓಡಿದ್ದು, ಎಲ್ಲ ಕಂಡಿತು. ಫೋನಿನಲ್ಲಿ ಏನೂ ದೋಷ ಇರಲಿಲ್ಲ. ದೋಷ ಹಾಸ್ಟೆಲ್ ಮೂಲೆಯ ಪೆಟ್ಟಿಗೆಯಲ್ಲಿ ಇತ್ತು, ಅದನ್ನು ಇಟ್ಟವಳು ಅವನ ಮುಂದೆ ಕೂತಿದ್ದಳು. ಅವನಿಗೆ ಅಲ್ಲೇ ಹೇಳಿದೆ. ಅವನು ಏನೂ ಅನ್ನಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಇಂಥ ವಿಡಿಯೋ ಕರೆಗಳೂ ಸಾಧ್ಯವಾದಾಗಲೆಲ್ಲ ಪೀರ್ ಟು ಪೀರ್. ಮಧ್ಯದ ಸರ್ವರ್ ಇಬ್ಬರನ್ನು ಪರಿಚಯ ಮಾಡಿಸಿ ಸರಿಯುತ್ತದೆ. ಆಮೇಲೆ ಈ ಫೋನಿನಿಂದ ಆ ಫೋನಿಗೆ ನೇರ ಯುಡಿಪಿ ಪ್ಯಾಕೆಟ್. ತಡವಾಗಬಾರದು ಎಂದೇ ಹಾಗೆ ಮಾಡಿದ್ದಾರೆ. ಗುರುತಿಲ್ಲದ ವಿಳಾಸ, ಗುರುತಿಲ್ಲದ ಪೋರ್ಟ್, ಗೂಢಲಿಪಿ, ಎರಡೂ ಕಡೆಗೆ ಒಂದೇ ಸಮ ಹರಿವು. ಫೈರ್‌ವಾಲ್ ಕಣ್ಣಿಗೆ ಅಪ್ಪ ಮಗನ ಮಾತೂ ಒಂದೇ, ಕದ್ದ ಸಿನಿಮಾದ ತುಂಡೂ ಒಂದೇ. ನೇರ ದಾರಿ ಸಿಗದಿದ್ದರೆ ಕರೆ ಬಳಸುದಾರಿ ಹಿಡಿಯುತ್ತದೆ. ತುಂಬಿದ ಲೈನಿನಲ್ಲಿ ಬಳಸಿಕೊಂಡು ಬರುವಷ್ಟರಲ್ಲಿ ಮುಖ ನಿಂತಿರುತ್ತದೆ.

ಇನ್ನೂ ಕೇಳಿ. ಕಂಪ್ಯೂಟರ್ ಸೈನ್ಸ್ ಹುಡುಗರು ಲ್ಯಾಬಿಗೆಂದು ಉಬುಂಟು, ಡೆಬಿಯನ್ ಎಂಬ ಪುಕ್ಕಟೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇಳಿಸುತ್ತಾರೆ. ಅವುಗಳನ್ನು ಮಾಡುವವರೇ ತಮ್ಮ ತಾಣದಲ್ಲಿ ಟೊರೆಂಟ್ ಕೊಂಡಿ ಇಟ್ಟಿರುತ್ತಾರೆ. ಲಿಬ್ರೆ ಆಫೀಸ್ ಕೂಡ ಹಾಗೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹತ್ತು ಸಲ ಹೋಗುತ್ತದೆ. ನಾಲ್ಕೈದು ಜಿಬಿ ಫೈಲು ಬ್ರೌಸರಿನಲ್ಲಿ ಅರ್ಧಕ್ಕೆ ನಿಂತರೆ ಎಷ್ಟೋ ಸಲ ಮೊದಲಿಂದ ಶುರು ಮಾಡಬೇಕು. ಟೊರೆಂಟ್ ಆದರೆ ಬಂದ ತುಂಡು ಬಂದದ್ದೇ. ಪ್ರತಿ ತುಂಡು ಸರಿ ಇದೆಯೇ ಎಂದು ತಾನೇ ತಾಳೆ ನೋಡುತ್ತದೆ. ನಮ್ಮಂಥ ಊರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಂಟರ್‌ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹವನ್ನು ಟೊರೆಂಟ್ ಮೂಲಕವೂ ಕೊಡುತ್ತಿದೆ. ಅಲ್ಲಿ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಕೂತಿವೆ. ಒಬ್ಬ ಎಂಎ ಹುಡುಗ ಅವನ್ನೇ ಇಳಿಸುತ್ತಿದ್ದ. ಅವನ ಹೆಸರೂ "ಸಿನಿಮಾ ಕದಿಯುವವರ" ಪಟ್ಟಿಗೆ ಸೇರಿತ್ತು, ಯಾಕೆಂದರೆ ಫೈರ್‌ವಾಲ್ ವರದಿಯಲ್ಲಿ ಬರುವುದು ಪಿ-ಟು-ಪಿ ಎಂದಷ್ಟೇ. ವಾರ್ಡನ್ ಅವನನ್ನು ಎಲ್ಲರ ಎದುರು ನಿಲ್ಲಿಸಿ ಬೈದಿದ್ದರು. ವಿಂಡೋಸ್ 10ರಲ್ಲಿ ಒಂದೇ ಜಾಗದ ಕಂಪ್ಯೂಟರ್‌ಗಳು ಅಪ್‌ಡೇಟನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ವ್ಯವಸ್ಥೆ ಇದೆ. ಅದು 7680 ಪೋರ್ಟ್ ಬಳಸುತ್ತದೆ. ನಾನು ಎರಡು ಮಹಡಿಗೆ ಎರಡು ಜಾಲ ಮಾಡಿ ನಡುವೆ ಫೈರ್‌ವಾಲ್ ಇಟ್ಟಿದ್ದೆ. ಅಲ್ಲಿಯೂ ಕತ್ತರಿಸಿತು. ಒಂದು ಸಲ ಬಂದರೆ ಸಾಕಿದ್ದ ಅಪ್‌ಡೇಟ್ ಹೊರಗಿನಿಂದ ಮತ್ತೆ ಮತ್ತೆ ಬಂತು. ಲೈನ್ ಉಳಿಸಲು ಹಾಕಿದ ಬೇಲಿ ಲೈನನ್ನೇ ತಿಂದಿತು.

ನಿಜವಾಗಿ ಸಿನಿಮಾ ಇಳಿಸುತ್ತಿದ್ದ ನಾಲ್ಕು ಹುಡುಗರೋ? ಎರಡೇ ವಾರದಲ್ಲಿ ವಿಪಿಎನ್ (ಎಲ್ಲವನ್ನೂ ಗೂಢಲಿಪಿಯಲ್ಲಿ ಸುತ್ತಿ ಬೇರೊಂದು ಸರ್ವರ್ ಮೂಲಕ ಕಳಿಸುವ ಸುರಂಗ) ಹಾಕಿಕೊಂಡರು. ಅವರ ಎಲ್ಲ ಪ್ಯಾಕೆಟ್ 443 ಪೋರ್ಟಿನಲ್ಲಿ ಬ್ಯಾಂಕಿನ ವೆಬ್‌ಸೈಟಿನ ಥರ ಹೋಗತೊಡಗಿದವು. ಅದನ್ನು ಮುಚ್ಚಿದರೆ ಬ್ಯಾಂಕೂ ಮುಚ್ಚುತ್ತದೆ, ಸ್ಕಾಲರ್‌ಶಿಪ್ ಅರ್ಜಿಯೂ ಮುಚ್ಚುತ್ತದೆ.

ನಾನು ಕದ್ದ ಸಿನಿಮಾದ ಪರ ವಕಾಲತ್ತು ಮಾಡುತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅನುಮತಿ ಇಲ್ಲದೆ ಹಂಚುವುದು ತಪ್ಪು. ನಮ್ಮ ಕಡೆ ಯಕ್ಷಗಾನದ ರಾತ್ರಿ ಆಟವನ್ನು ಮೂರು ಕ್ಯಾಮೆರಾ ಇಟ್ಟು, ನಿದ್ದೆಗೆಟ್ಟು ರೆಕಾರ್ಡ್ ಮಾಡುವವರಿದ್ದಾರೆ. ಅವರ ಡಿವಿಡಿ ಮಾರಾಟವಾಗುವ ಮೊದಲೇ ಪೆನ್‌ಡ್ರೈವ್‌ನಲ್ಲಿ ಊರೆಲ್ಲ ಸುತ್ತಿದ್ದನ್ನು ನೋಡಿದ್ದೇನೆ. ಅವರು ನನ್ನ ಅಂಗಡಿಯಲ್ಲೇ ಹಾರ್ಡ್‌ಡಿಸ್ಕ್ ತಗೊಳ್ಳುವವರು. ಅವರ ನಷ್ಟ ನನಗೆ ಗೊತ್ತು. ಆದರೆ ಪ್ಯಾಕೆಟ್ ಒಳಗಿರುವುದು ಕದ್ದದ್ದೋ ಕೊಟ್ಟದ್ದೋ ಎಂದು ರೌಟರ್‌ಗೆ ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಮನುಷ್ಯರು. 2012ರಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ಆದೇಶದ ನಂತರ ನಮ್ಮ ದೇಶದ ಇಂಟರ್‌ನೆಟ್ ಕಂಪನಿಗಳು ಪೈರೇಟ್ ಬೇ ಎಂಬ ಟೊರೆಂಟ್ ತಾಣದ ಜೊತೆ ವಿಮಿಯೋವನ್ನೂ ಮುಚ್ಚಿದ್ದವು. ಜನ ತಮ್ಮದೇ ವಿಡಿಯೋ ಹಾಕುವ ತಾಣ ಅದು.

ಅಮೆರಿಕದ್ದೂ ಒಂದು ಹೇಳುತ್ತೇನೆ. 2007ರಲ್ಲಿ ರಾಬ್ ಟೊಪೋಲ್ಸ್ಕಿ ಎಂಬ ನೆಟ್‌ವರ್ಕ್ ಎಂಜಿನಿಯರ್, ನಾಲ್ಕು ಜನ ವಾದ್ಯವಿಲ್ಲದೆ ಸೇರಿ ಹಾಡುವ ಹಳೆಯ ಕಾಲದ ಹಾಡುಗಳನ್ನು ಟೊರೆಂಟ್‌ನಲ್ಲಿ ಹಂಚಲು ಹೊರಟರು. ಹೋಗಲಿಲ್ಲ. ಕೂತು ಪ್ಯಾಕೆಟ್ ಒಂದೊಂದೇ ನೋಡಿದರು. ಅವರಿಗೆ ಇಂಟರ್‌ನೆಟ್ ಕೊಡುತ್ತಿದ್ದ ಕಂಪನಿ ಕಾಮ್‌ಕ್ಯಾಸ್ಟ್, ಎದುರಿನವರು ಹೇಳಿದಂತೆ "ಮಾತು ಸಾಕು" ಎನ್ನುವ ಸುಳ್ಳು ಪ್ಯಾಕೆಟ್ಟನ್ನು ನಡುವೆ ತೂರಿಸುತ್ತಿತ್ತು. ಇಬ್ಬರೂ ಇನ್ನೊಬ್ಬರೇ ಫೋನ್ ಇಟ್ಟರು ಎಂದು ತಿಳಿಯುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನವರು ಬೈಬಲ್ ಫೈಲನ್ನೇ ಹಾಕಿ ಪರೀಕ್ಷೆ ಮಾಡಿದರು. ಅದಕ್ಕೂ ಅಡ್ಡಿಯಾಯಿತು. 2008ರ ಆಗಸ್ಟ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ ಇದನ್ನು ನಿಲ್ಲಿಸಲು ಹೇಳಿತು. ಆಯೋಗಕ್ಕೆ ಆ ಅಧಿಕಾರ ಇಲ್ಲ ಎಂದು 2010ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು, ಅದು ಬೇರೆ ಮಾತು. ನನ್ನ ಮನಸ್ಸಿಗೆ ತಾಗಿದ್ದು ಆ ಸುಳ್ಳು ಪ್ಯಾಕೆಟ್. ಬೇಲೇಕೇರಿಯ ಅಪ್ಪ, ಮಗನೇ ಫೋನ್ ಇಟ್ಟ ಎಂದುಕೊಂಡದ್ದು ನೆನಪಾಯಿತು.

ಕೇಬಲ್ ನೆಟ್‌ನವರೂ ಬ್ಲಾಕ್ ಮಾಡಬೇಕು ಎಂದು ಆ ಪತ್ರದಲ್ಲಿ ಇದೆ. ಅದು ಆಗುವ ಮಾತಲ್ಲ. 2018ರ ಜುಲೈಯಲ್ಲಿ ನಮ್ಮ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿಯನ್ನು ಒಪ್ಪಿದೆ. ಲೈನ್ ಕೊಡುವವರು ಇಂಥ ಟ್ರಾಫಿಕ್ ಬೇಕು, ಇಂಥದ್ದು ಬೇಡ ಎಂದು ಭೇದ ಮಾಡುವ ಹಾಗಿಲ್ಲ. ದಟ್ಟಣೆ ನಿಭಾಯಿಸಲು ನ್ಯಾಯವಾದ ಕ್ರಮಕ್ಕೆ ಅವಕಾಶ ಇದೆ. ಹಾಸ್ಟೆಲ್ ಮಾಲೀಕರ ಮನೆಯ ನಿಯಮ ಬೇರೆ, ಲೈನಿನವರ ನಿಯಮ ಬೇರೆ.

ಹಾಗಾದರೆ ಓದುವ ಮಗುವಿಗೆ ನೆಟ್ ಸಿಗುವುದು ಹೇಗೆ? ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ನನಗೆ ಸಿಕ್ಕಿದ್ದು ತವರುಮನೆಯಲ್ಲಿ.

ಅಲ್ಲಿ ಐದು ಮನೆಗೆ ಒಂದೇ ಅಬ್ಬಿ ನೀರು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿತ್ತು. ಈಗ ಪೈಪ್ ಇದೆ. ಮೇಲೆ ಒಂದು ಕಲ್ಲುಬಾನಿ. ಅದಕ್ಕೆ ಒಂದೇ ಎತ್ತರದಲ್ಲಿ, ಒಂದೇ ಗಾತ್ರದ ಐದು ತೂತು. ಮನೆಗೊಂದು. ನೀರನ್ನು ಯಾರು ಕುಡಿಯಲು ತಗೊಂಡರು, ಯಾರು ಎಮ್ಮೆ ತೊಳೆದರು ಎಂದು ಅಜ್ಜ ಯಾವತ್ತೂ ಕೇಳಲಿಲ್ಲ. ನಿಮ್ಮ ಪಾಲಿನಲ್ಲಿ ಏನಾದರೂ ಮಾಡಿ, ಇನ್ನೊಂದು ತೂತು ಕೊರೆಯಬೇಡಿ, ಅಷ್ಟೇ. ಒಂದು ಮನೆಯವರು ಊರಿಗೆ ಹೋದರೆ ತಮ್ಮ ತೂತಿಗೆ ಬಟ್ಟೆ ತುರುಕಿ ಹೋಗುತ್ತಿದ್ದರು. ಆ ನೀರು ತಾನಾಗಿ ಉಳಿದ ನಾಲ್ಕಕ್ಕೆ ಹಂಚಿ ಹೋಗುತ್ತಿತ್ತು.

ರೌಟರ್‌ನಲ್ಲೂ ಹೀಗೇ ಮಾಡಬಹುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು. ಸಾಲಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡಿ, ತುಂಬಾ ಕಾದರೆ ಸಾಲನ್ನು ತೆಳುವು ಮಾಡುವುದು ಅದರ ಕೆಲಸ. ಅದರ ಮೇಲೆ ಕಟ್ಟಿದ್ದು ಎಫ್‌ಕ್ಯೂ ಕೋಡೆಲ್. ಪ್ರತಿ ಹರಿವಿಗೂ, ಅಂದರೆ ಪ್ರತಿ ಮಾತುಕತೆಗೂ, ಸಮಪಾಲು ಕೊಡುತ್ತದೆ. ಆದರೆ ಇಲ್ಲೊಂದು ಸಂಗತಿ ಇದೆ. ಹರಿವಿಗೆ ಒಂದು ಪಾಲು ಅಂದರೆ ಇನ್ನೂರು ಹರಿವು ಇರುವ ಟೊರೆಂಟಿಗೆ ಇನ್ನೂರು ಪಾಲು. ಒಂದೇ ಮನೆಯವರು ಇನ್ನೂರು ತೂತು ಕೊರೆದ ಹಾಗೆ. ಆದ್ದರಿಂದ ಪಾಲು ಹಾಕಬೇಕಾದ್ದು ಹರಿವಿಗಲ್ಲ, ಕಂಪ್ಯೂಟರಿಗೆ. 2018ರಲ್ಲಿ ಲಿನಕ್ಸ್ 4.19ರ ಜೊತೆ ಬಂದ ಕೇಕ್ ಎಂಬುದು ಅದನ್ನು ಮಾಡುತ್ತದೆ. ಮೊದಲು ಯಂತ್ರಕ್ಕೊಂದು ಪಾಲು, ಅದರೊಳಗೆ ಹರಿವಿಗೊಂದು ಪಾಲು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೌಟರ್‌ನಲ್ಲಿ ಇದು ಪುಕ್ಕಟೆ ಸಿಗುತ್ತದೆ.

ಅಕ್ಟೋಬರ್‌ನಲ್ಲಿ ಆ ಹಾಸ್ಟೆಲ್‌ಗೆ ಇದನ್ನೇ ಮಾಡಿದೆ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿದೆ. ಚಿಕ್ಕ ರೌಟರ್‌ನ ಪ್ರೊಸೆಸರ್ ಈ ಲೆಕ್ಕಕ್ಕೆ ಸಾಲುವುದಿಲ್ಲ. ಮೂರು ಸಂಜೆ ಲೈನಿನ ವೇಗ ಅಳೆದೆ. 100 ಎಂದು ಬರೆದಿದ್ದರೂ ಎಂಟು ಗಂಟೆಗೆ 80ರ ಸುಮಾರು ಸಿಗುತ್ತಿತ್ತು. ಮಿತಿಯನ್ನು 74ಕ್ಕೆ ಇಟ್ಟೆ. ಸಾಲು ಲೈನಿನವರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ಪೆಟ್ಟಿಗೆಯಲ್ಲೇ ಇರಬೇಕೆಂದರೆ ಇಷ್ಟು ಕಡಿಮೆ ಇಡಲೇಬೇಕು. ಒಂದು ಯಂತ್ರಕ್ಕೆ 300ಕ್ಕಿಂತ ಹೆಚ್ಚು ಮಾತುಕತೆ ಇಲ್ಲ ಎಂದು ಇನ್ನೊಂದು ಸಾಲು ಬರೆದೆ. ಆಮೇಲೆ ಪಿ-ಟು-ಪಿ ಟಿಕ್ ತೆಗೆದೆ. ಮುಚ್ಚಿದ್ದ ಯುಡಿಪಿಯನ್ನೂ ತೆರೆದೆ. ಮಾಲೀಕರ ಮುಖ ಬಿಗಿದಿತ್ತು. ಟೊರೆಂಟ್ ಹಾಕುವ ಹುಡುಗನನ್ನೇ ಕರೆದು, "ಉಬುಂಟು ಹಾಕು, ಪೂರ್ತಿ ವೇಗದಲ್ಲಿ ಬಿಡು" ಅಂದೆ. ಅವನು ಬಿಟ್ಟ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂಬ ಅಳತೆ) ಓಡುತ್ತಿತ್ತು. ಮೊದಲು ಇಂಥ ಹೊತ್ತಿನಲ್ಲಿ ಎಂಟುನೂರು, ಒಂಬೈನೂರು ಮಿಲಿಸೆಕೆಂಡ್ ಕಂಡಿದ್ದೆ. ಈಗ 30, 34, 31. ಮಾಲೀಕರು ಬಗ್ಗಿ ನೋಡಿದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ತರಿಸಿದರು.

ಹುಡುಗರಿಗೂ ಒಂದು ಮಾತು ಹೇಳಿದೆ. ಬಿಟ್‌ಟೊರೆಂಟ್‌ಗೇ ಒಳ್ಳೆಯ ಗುಣ ಒಂದಿದೆ. ಅದರ ಯುಟಿಪಿ ಎಂಬ ವಿಧಾನ, ಸಾಲಿನಲ್ಲಿ 100 ಮಿಲಿಸೆಕೆಂಡಿಗಿಂತ ಜಾಸ್ತಿ ಕಾಯುವಂತಾದರೆ ತಾನೇ ಹಿಂದೆ ಸರಿಯುತ್ತದೆ. ಅದನ್ನು ಆನ್ ಇಟ್ಟುಕೊಳ್ಳಿ, ಏರಿಸುವ ವೇಗಕ್ಕೆ ಮಿತಿ ಹಾಕಿಕೊಳ್ಳಿ, ದೊಡ್ಡ ಫೈಲನ್ನು ರಾತ್ರಿ ಹನ್ನೊಂದರ ನಂತರ ಹಾಕಿ ಎಂದು ತೋರಿಸಿಕೊಟ್ಟೆ. ಅದನ್ನೇ ಕನ್ನಡದಲ್ಲಿ ಒಂದು ಹಾಳೆ ಬರೆದು ಊಟದ ಮನೆಯ ಗೋಡೆಗೆ ಅಂಟಿಸಿದೆವು. ಯಾವುದಕ್ಕೆ ಮಿತಿ ಇದೆ, ಎಷ್ಟು ಇದೆ, ತೊಂದರೆ ಆದರೆ ಯಾರನ್ನು ಕೇಳಬೇಕು ಎಂದು ಅದರಲ್ಲಿ ಇದೆ. ಗುಟ್ಟಾಗಿ ಕತ್ತರಿಸುವ ಕೆಲಸ ಇನ್ನು ನಾನು ಮಾಡುವುದಿಲ್ಲ.

ಜಿಲ್ಲೆಯ ಹಾಸ್ಟೆಲ್ ಮಾಲೀಕರಲ್ಲಿ, ಲೈಬ್ರರಿ ನೋಡಿಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ. ಬ್ಲಾಕ್ ಮಾಡುವ ಪೆಟ್ಟಿಗೆಗೆ ದುಡ್ಡು ಹಾಕುವ ಮೊದಲು ಒಂದು ಸಂಜೆ ಎಂಟು ಗಂಟೆಗೆ ನಿಮ್ಮ ರೌಟರ್‌ನ ಆ ಪುಟ ತೆರೆದು ನೋಡಿ, ಅಥವಾ ಗೊತ್ತಿರುವವರಿಂದ ನೋಡಿಸಿ. ಎಷ್ಟು ಸಾಲು ತುಂಬಿದೆ, ಏರಿಸುವ ದಾರಿ ಎಷ್ಟು ಕಟ್ಟಿದೆ ಎಂದು ತಿಳಿಯಿರಿ. ಪಾಲು ಹಾಕಿ ನೋಡಿ. ಆಗಲೂ ಸರಿಯಾಗದಿದ್ದರೆ ಲೈನ್ ಸಾಲುತ್ತಿಲ್ಲ ಎಂದರ್ಥ. ಅದಕ್ಕೆ ಇನ್ನೊಂದು ಲೈನ್ ಹಾಕಿಸಬೇಕೇ ಹೊರತು ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಲೈನಿನ ಖರ್ಚನ್ನು ಅವರು ಫೀಸಿನಲ್ಲೇ ಕಟ್ಟಿರುತ್ತಾರೆ.

ಕಾರವಾರದ ಆ ಓದುಗರಿಗೆ: ನಿಮ್ಮ ಮಗನ ಹಾಸ್ಟೆಲ್ ಯಾವುದು ಎಂದು ನನಗೆ ಗೊತ್ತಿಲ್ಲ. ನಾನು ಟಿಕ್ ಹಾಕಿದ ಮೂರರಲ್ಲಿ ಕುಮಟಾದ್ದು ಒಂದು ಇನ್ನೂ ಹಾಗೇ ಇದೆ. ಬರುವ ಭಾನುವಾರ ಇನ್ನೊಂದು ಹಳೆಯ ಡೆಸ್ಕ್‌ಟಾಪನ್ನು ಬಸ್ಸಿಗೆ ಹಾಕಿಕೊಂಡು ಘಟ್ಟ ಇಳಿಯುತ್ತಿದ್ದೇನೆ. ಕಾರವಾರದಿಂದ ಕುಮಟಾ ದೂರವಲ್ಲ. ಬಿಡುವಿದ್ದರೆ ಬನ್ನಿ. ಪತ್ರಿಕೆಯವರ ಹತ್ತಿರ ನನ್ನ ಅಂಗಡಿಯ ನಂಬರ್ ಇದೆ.

ಇಂತಿ,
ಶಿರಸಿಯ ರಿಪೇರಿ ಅಂಗಡಿಯವಳು